ಮೃಗದ ಹಿಂಗಾಲು

ಹೆದರಿಕೆ ಅವಳಿಗೆ ಹುಟ್ಟಿನಿಂದಲೇ ಅಂಟಿದ್ದು ಎಂದು ಅವಳ ತಾಯಿ ಎಲ್ಲರೆದುರೂ ಹೇಳುತ್ತಿದ್ದರು. "ಬೇರೆ ಮಕ್ಕಳು ಹುಟ್ಟಿದ ತಕ್ಷಣ ಅಳ್ತವೆ. ಇವಳು ನರ್ಸಮ್ಮನ ಮುಖ ನೋಡಿ ಬೆಚ್ಚಿಬಿದ್ಳು." ಮಾತಿನಲ್ಲಿ ಉಪ್ಪುಖಾರ ಜಾಸ್ತಿ ಇದ್ದರೂ ಸುಳ್ಳಂತೂ ಇರಲಿಲ್ಲ. ನಲವತ್ತು ಸಮೀಪಿಸಿದರೂ ಅವಳು ಲಿಫ್ಟ್ ಹತ್ತುತ್ತಿರಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅದು ತಾನಾಗಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು. ಮನೆಯವರು ಅರ್ಧ ಗಂಟೆ ತಡವಾಗಿ ಬಂದರೆ ಅಷ್ಟರಲ್ಲಿ ಅವಳ ಮನಸ್ಸಿನಲ್ಲಿ ಅಪಘಾತ, ಆಸ್ಪತ್ರೆ ಎಲ್ಲವೂ ಮುಗಿದಿರುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವಳು ಹೆದರಿದ ಒಂದೇ ಒಂದು ಸಂಗತಿಯೂ ನಿಜವಾಗಿರಲಿಲ್ಲ. ಹೀಗಾಗಿ ಅವಳ ಹೆದರಿಕೆಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಕೊನೆಕೊನೆಗೆ ಅವಳೂ.

ಕೆಲಸ ಮಾತ್ರ ಅವಳ ಸ್ವಭಾವಕ್ಕೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ, ಬೀದಿಯಲ್ಲಿ ಓಡಾಡುವವರ ಕಣಕಾಲು ಮಾತ್ರ ಕಾಣುವ ಕಿಟಕಿಯ ಕೆಳಗೆ ಕೂತು ಹಲ್ಲಿನ ಸೆಟ್ ಮಾಡುವುದು. ದಂತವೈದ್ಯರು ಕಳಿಸಿದ ದವಡೆಯ ಅಚ್ಚಿಗೆ ಗುಲಾಬಿ ಬಣ್ಣದ ಮೇಣ ಹಚ್ಚಿ, ಬಿಸಿ ಚಾಕುವಿನಿಂದ ತೀಡಿ, ಒಂದೊಂದೇ ಹಲ್ಲನ್ನು ಜೋಡಿಸಬೇಕು. ಊರಿನ ಎಷ್ಟೋ ಮುದುಕರು ಅವಳ ಹಲ್ಲಿನಿಂದ ನಗುತ್ತಿದ್ದರು. ಅವರಲ್ಲಿ ಒಬ್ಬರ ಮುಖವನ್ನೂ ಅವಳು ಕಂಡಿರಲಿಲ್ಲ, ಕಾಣುವ ಆಸೆಯೂ ಇರಲಿಲ್ಲ.

ಗೆಳತಿ ಎಂದು ಇದ್ದವಳು ಒಬ್ಬಳೇ, ಡ್ರೈವಿಂಗ್ ಶಾಲೆಯ ಮೇಷ್ಟ್ರು. ಅಣ್ಣನ ಒತ್ತಾಯಕ್ಕೆ ಕಾರು ಕಲಿಯಲು ಹೋಗಿ, ಎರಡೇ ಪಾಠಕ್ಕೆ ಬಿಟ್ಟು ಬಂದಾಗ ಸಿಕ್ಕ ಸ್ನೇಹ ಅದು. ಎದುರಿಗೆ ಪಾರಿವಾಳ ಕೂತಿದ್ದರೂ ಬ್ರೇಕ್ ತುಳಿಯುತ್ತಿದ್ದ ಈ ಶಿಷ್ಯೆಗೆ ಮೇಷ್ಟ್ರು ಅವತ್ತೇ 'ಬ್ರೇಕು' ಎಂದು ಹೆಸರಿಟ್ಟಳು. ಐವತ್ತರ ಹತ್ತಿರದ, ಎತ್ತರದ, ದೊಡ್ಡ ಗಂಟಲಿನ ಹೆಂಗಸು. ಒಂಟಿ ಜೀವ. ಸಕ್ಕರೆ ಕಾಯಿಲೆ ಇತ್ತು, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಅದರ ಮಾತೆತ್ತಿದರೆ, "ನನ್ನ ಸಕ್ಕರೆ ನಂಗೆ ಗೊತ್ತು, ನಿನ್ನ ಬ್ರೇಕ್ ನೀನು ನೋಡ್ಕೋ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಇಬ್ಬರನ್ನೂ ಕಟ್ಟಿಹಾಕಿದ್ದು 'ಆಳಗುಹೆ' ಎಂಬ ಚಿತ್ರಕಥೆಗಳ ಸರಣಿ. ಅದರಲ್ಲಿ ಬರುವ ಕುರುಡು ಮೃಗ ಇಬ್ಬರಿಗೂ ಅಚ್ಚುಮೆಚ್ಚು. ಇಂಥ ಕಥೆಗಳ ಅಭಿಮಾನಿಗಳೆಲ್ಲ ವೇಷ ಹಾಕಿಕೊಂಡು ಸೇರುವ ದೊಡ್ಡ ಸಮಾವೇಶ ಊರಿನ ವಸ್ತುಪ್ರದರ್ಶನದ ಹಾಲಿನಲ್ಲಿ ನಡೆಯುತ್ತದೆ ಎಂದು ಗೊತ್ತಾದ ದಿನ ಮೇಷ್ಟ್ರು ಕುಣಿದಾಡಿಬಿಟ್ಟಳು.

"ಇಬ್ಬರೂ ಸೇರಿ ಒಂದೇ ಮೃಗ ಆಗೋಣ ಕಣೇ. ನಾನು ಮುಂಗಾಲು, ನೀನು ಹಿಂಗಾಲು."

"ಅಷ್ಟು ಜನರ ಮಧ್ಯೆನಾ? ನನ್ನ ಕೈಲಾಗಲ್ಲ ಮೇಷ್ಟ್ರೇ."

"ನಿನ್ನ ಯಾರೇ ನೋಡ್ತಾರೆ? ನೀನು ಹೊಟ್ಟೆಯೊಳಗೆ ಇರ್ತೀಯ."

ಆ ಒಂದು ಮಾತಿಗೆ ಅವಳು ಒಪ್ಪಿದಳು. ಜನರ ನಡುವೆ ಇದ್ದೂ ಯಾರ ಕಣ್ಣಿಗೂ ಬೀಳದಿರುವುದು ಅವಳ ಜೀವಮಾನದ ಆಸೆಯಾಗಿತ್ತು.

ಎರಡು ತಿಂಗಳು ಕೂತು ಮೃಗ ಕಟ್ಟಿದರು. ಸ್ಪಂಜು, ಬೂದು ಬಣ್ಣದ ರೋಮದ ಬಟ್ಟೆ, ಒಳಗೆ ಬೆನ್ನು ಎತ್ತಿ ಹಿಡಿಯಲು ತಂತಿಯ ಬಳೆಗಳು. ನಲವತ್ತನಾಲ್ಕು ಹಲ್ಲುಗಳನ್ನು ಅವಳೇ ಮಾಡಿದಳು. ಮುಂದಿನವಳಿಗೆ ಮೃಗದ ಬಾಯಿಯ ಬಲೆಯಿಂದ ದಾರಿ ಕಾಣುತ್ತಿತ್ತು. ಹಿಂದಿನವಳು ಬಗ್ಗಿ, ಮುಂದಿನವಳ ಸೊಂಟದ ಪಟ್ಟಿ ಹಿಡಿದು ನಡೆಯಬೇಕು. ಅವಳಿಗೆ ಕಾಣುವುದು ಹೊಟ್ಟೆಯಡಿಯ ಸೀಳಿನಿಂದ ಒಂದು ಗೇಣು ನೆಲ, ಅಷ್ಟೆ. ಕತ್ತಿನ ಕೆಳಗಿನಿಂದ ಹೊಟ್ಟೆಯವರೆಗೆ ಒಂದೇ ಜಿಪ್ಪು. ಅದರ ತುದಿ ಮುಂದಿನವಳ ಕೈಗೆ ಮಾತ್ರ ಎಟುಕುತ್ತಿತ್ತು. ಎಡ, ಬಲ, ಬ್ರೇಕ್ ಎಂದು ಮೇಷ್ಟ್ರು ಕೂಗಿದಂತೆ ಹಿಂಗಾಲು ಕೇಳಬೇಕು.

ಆ ದಿನ ಬೆಳಿಗ್ಗೆ ಏಳಕ್ಕೆ ಮೇಷ್ಟ್ರು ಇನ್ಸುಲಿನ್ ಚುಚ್ಚಿಕೊಂಡು ಅರ್ಧ ಬನ್ನು ತಿಂದಳು. ಮಿಕ್ಕಿದ್ದನ್ನು ಒಳಗೆ ಹೋಗಿ ತಿಂದರಾಯಿತು ಎಂದಳು. ಆದರೆ ಬಾಗಿಲಲ್ಲಿ ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು. ವೇಷ ತೊಟ್ಟವರು ಪೂರ್ತಿ ವೇಷದಲ್ಲೇ ಒಳಗೆ ಬರಬೇಕು, ಚೀಲಗಳನ್ನು ಕೌಂಟರಿನಲ್ಲಿ ಇಡಬೇಕು ಎಂದು ಕಾವಲಿನವನು ಕಡ್ಡಿ ಮುರಿದಂತೆ ಹೇಳಿದ. ಬಿಸ್ಕತ್ತು, ಬಾಳೆಹಣ್ಣು ಎಲ್ಲ ಚೀಲದಲ್ಲೇ ಉಳಿದವು. ಇಬ್ಬರೂ ಮೃಗದೊಳಗೆ ಹೊಕ್ಕರು. ಜಿಪ್ಪು ಮೇಲೇರಿತು. ಒಳಗೆ ಗೋಂದಿನ ವಾಸನೆ, ಕತ್ತಲೆ, ತನ್ನದೇ ಉಸಿರಿನ ಬಿಸಿ.

ಸಾಲಿನಲ್ಲಿ ನಿಂತಿದ್ದಾಗ ಮೇಷ್ಟ್ರು ಇದ್ದಕ್ಕಿದ್ದಂತೆ ಮೈ ಸಡಿಲ ಬಿಟ್ಟು ಕುಸಿದಳು.

"ಮೇಷ್ಟ್ರೇ! ಏನಾಯ್ತು? ಮೇಷ್ಟ್ರೇ!"

ಮುಂದಿನಿಂದ ಗಹಗಹಿಸುವ ನಗು. "ಬ್ರೇಕ್ ಪರೀಕ್ಷೆ ಮಾಡ್ದೆ ಕಣೇ. ಚೆನ್ನಾಗಿ ಹಿಡೀತಾ ಇದೆ."

ಅವಳಿಗೆ ಕಣ್ಣಲ್ಲಿ ನೀರೇ ಬಂತು. ಎಂದಿನಂತೆ ತನ್ನನ್ನೇ ಬೈದುಕೊಂಡಳು: ಹಗ್ಗ ಕಂಡರೂ ಹಾವು ಅನ್ನೋಳು ನಾನು.

ಸಾಲು ಕರಗಿ ಒಳಗೆ ಕಾಲಿಡುವಷ್ಟರಲ್ಲಿ ಹನ್ನೆರಡಾಗಿ, ವೇಷಧಾರಿಗಳ ಮೆರವಣಿಗೆಗೆ ಕರೆ ಬಂತು. ಹಾಲಿನ ನಡುವೆ ಎತ್ತರದ ಉದ್ದನೆಯ ವೇದಿಕೆ, ಎರಡೂ ಬದಿ ಜನ. ಅವಳಿಗೆ ಜನ ಕಾಣುತ್ತಿರಲಿಲ್ಲ. ಮೇಷ್ಟ್ರ ಹಿಮ್ಮಡಿ, ಹಲಗೆಯ ಮೇಲೆ ಬಿದ್ದ ಬಣ್ಣದ ಬೆಳಕು, ಎದೆಗೂಡನ್ನು ಗುದ್ದುವ ಸಂಗೀತ, ಇಷ್ಟೇ ಅವಳ ಲೋಕ. ಮೃಗ ಮೆಟ್ಟಿಲು ಹತ್ತಿತು. ಶಿಳ್ಳೆ ಬಿದ್ದವು.

"ಎಡ," ಎಂದಳು ಮೇಷ್ಟ್ರು. ಆದರೆ ಅವಳದೇ ಕಾಲು ಬಲಕ್ಕೆ ಹೋಯಿತು.

ಹಿಂದಿನವಳು ಮುಗ್ಗರಿಸಿ ಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಆಗ ಕೈಗೆ ತಾಗಿದ್ದು ಮೇಷ್ಟ್ರ ಅಂಗಿ. ನೀರಲ್ಲಿ ಅದ್ದಿ ತೆಗೆದ ಹಾಗೆ ಒದ್ದೆ. ಒಳಗೆ ಕುದಿಯುವ ಸೆಕೆ, ಆದರೂ ಆ ಬೆವರು ತಣ್ಣಗಿತ್ತು.

"ಮೇಷ್ಟ್ರೇ, ಹುಷಾರಾಗಿದ್ದೀರಾ?"

"ಕ್ಲಚ್ಚು... ಕ್ಲಚ್ ಬಿಡು... ಕಿಟಕಿ ತೆಗಿ," ಎಂದು ನಾಲಿಗೆ ದಪ್ಪವಾದವರ ಹಾಗೆ ಮೇಷ್ಟ್ರು ಗೊಣಗಿದಳು.

"ತಮಾಷೆ ಬೇಡ. ನಂಗೆ ಭಯ ಆಗ್ತಿದೆ."

ಮುಂದಿನ ಕಾಲುಗಳು ನಿಂತವು. ಸೊಂಟ ಸಣ್ಣಗೆ ನಡುಗುತ್ತಿತ್ತು. ಆಮೇಲೆ ಎಂದೂ ಕೇಳದ ಸಿಡುಕು ದನಿಯಲ್ಲಿ ಮೇಷ್ಟ್ರು ಕೇಳಿದಳು: "ಯಾರು ನೀನು?"

ಮತ್ತೆ ನಾಟಕವೇ ಇರಬಹುದು ಎಂದು ಹಿಂದಿನವಳ ಮನಸ್ಸಿನ ಒಂದು ಮೂಲೆ ಹೇಳಿತು. ನಲವತ್ತು ವರ್ಷ ಸುಳ್ಳು ಸುಳ್ಳೇ ಕೂಗಿಕೊಂಡ ಹೆದರಿಕೆ ಇದು, ಇದನ್ನು ಹೇಗೆ ನಂಬುವುದು? ಆದರೆ ಬೆವರನ್ನು ಯಾರು ನಟಿಸುತ್ತಾರೆ? ಅವಳು ಇನ್ನೂ ಯೋಚಿಸುತ್ತಿರುವಾಗಲೇ ಮೇಷ್ಟ್ರು ಮೊದಲು ಮೊಣಕಾಲಿಗೆ, ಆಮೇಲೆ ಬೋರಲಾಗಿ ಕುಸಿದಳು. ಪಟ್ಟಿ ಹಿಡಿದಿದ್ದ ಅವಳೂ ಆ ಬೆನ್ನಿನ ಮೇಲೆ ಬಿದ್ದಳು.

ಹೊರಗೆ ಚಪ್ಪಾಳೆ ಸಿಡಿಯಿತು. "ಆಹಾ! ಮೃಗಕ್ಕೆ ನಿದ್ದೆ ಬಂತು ನೋಡಿ! ಜೋರಾಗಿ ತಟ್ಟಿ!" ಎಂದು ನಿರೂಪಕನ ದನಿ ಮೈಕಿನಲ್ಲಿ ಮೊಳಗಿತು.

ಅವಳು ಮೇಷ್ಟ್ರನ್ನು ಅಲುಗಾಡಿಸಿದಳು. ಗೊರಕೆಯಂಥ, ನಡುನಡುವೆ ಕಡಿಯುವ ಉಸಿರು ಮಾತ್ರ. ಜಿಪ್ಪಿಗೆ ಕೈ ಚಾಚಿದಳು. ಅದು ಮೇಷ್ಟ್ರ ಎದೆಯಡಿಗೆ ಸಿಕ್ಕಿತ್ತು. ಆ ಭಾರದ ಮೈಯನ್ನು ಹೊರಳಿಸಲು ಒಳಗೆ ಜಾಗವಿರಲಿಲ್ಲ. "ಕಾಪಾಡಿ!" ಎಂದು ಕಿರುಚಿದಳು. ಸ್ಪಂಜು ಆ ಕೂಗನ್ನು ನುಂಗಿತು. ಹೊರಗೆ ಬಿದ್ದಷ್ಟು ಸದ್ದು ಮೃಗದ ಗರ್ಜನೆಯಾಗಿ ಕೇಳಿಸಿತೇನೋ, ಜನ ಇನ್ನೂ ಜೋರಾಗಿ ತಟ್ಟಿದರು. ಗಾಳಿ ಸಾಲದೆ ಅವಳ ಕಣ್ಣು ಕತ್ತಲಿಟ್ಟಿತು. ಇಬ್ಬರೂ ಇಲ್ಲೇ, ಇಷ್ಟು ಸಾವಿರ ಜನರ ಮುಂದೆ, ಚಪ್ಪಾಳೆಯ ನಡುವೆ ಹೋಗಿಬಿಡುತ್ತೇವೆ ಎಂದು ಅವಳಿಗೆ ಖಾತ್ರಿಯಾಯಿತು.

ಬಾಲದ ಬುಡಕ್ಕೆ ಬಟ್ಟೆ ಸಾಲದೆ, ಅವಸರದಲ್ಲಿ ತಾನೇ ಕೈಹೊಲಿಗೆ ಹಾಕಿದ್ದು ನೆನಪಾಯಿತು. ಹಿಂದಕ್ಕೆ ತೆವಳಿ, ಹೊಲಿಗೆಯೊಳಗೆ ಬೆರಳು ತೂರಿಸಿ ಎಳೆದಳು. ಒಂದು ಉಗುರು ಕಿತ್ತು ಬಂತು. ಎರಡೂ ಕೈ ಹಾಕಿ ಹರಿದಳು. ಬೆಳಕು ಒಳನುಗ್ಗಿತು. ಬೆವರಿಗೆ ಅಂಟಿದ ಕೂದಲು, ಕೆಂಪೇರಿದ ಮುಖ ಹೊತ್ತು ಅವಳು ಮೃಗದ ಬಾಲದಡಿಯಿಂದ ತಲೆ ಹೊರಹಾಕಿದಳು.

ಮರುಕ್ಷಣ ಯಾರೋ ಕೂಗಿದರು: "ಮೃಗ ಮರಿ ಹಾಕ್ತು!"

ಇಡೀ ಹಾಲು ಬಿದ್ದು ಬಿದ್ದು ನಕ್ಕಿತು. ನೂರಾರು ಫೋನುಗಳು ಅವಳ ಕಡೆ ಎದ್ದವು. ಮಲಗಿದ್ದಾಗ ಅವಳನ್ನು ಬೆಚ್ಚಿಬೀಳಿಸುತ್ತಿದ್ದ ಕನಸು ಹೆಚ್ಚುಕಡಿಮೆ ಇದೇ. ಮತ್ತೆ ಒಳಗೆ ಹೋಗಿ ಅವಿತುಕೊಳ್ಳಬೇಕು ಅನ್ನಿಸಿದ್ದು ನಿಜ, ಅದನ್ನು ಅವಳು ಆಮೇಲೆ ಮುಚ್ಚಿಡಲಿಲ್ಲ. ಆದರೆ ಕಾಲು ಹೊರಗೆ ಬಂದಾಗಿತ್ತು. ತಲೆಯ ಕಡೆಗೆ ಅಂಬೆಗಾಲಿಟ್ಟು ಓಡಿ, ಭುಜ ಕೊಟ್ಟು ನೂಕಿ ಮೃಗವನ್ನು ಮಗ್ಗುಲಾಗಿಸಿದಳು. ಜಿಪ್ಪು ಎಳೆದಳು. ಒಳಗೆ ಮೇಷ್ಟ್ರ ಮುಖ ಸುಣ್ಣದಂತಿತ್ತು. ಅರೆತೆರೆದ ಕಣ್ಣಲ್ಲಿ ಬಿಳಿ ಮಾತ್ರ.

ನಿರೂಪಕ ನಗುತ್ತಾ ಹತ್ತಿರ ಬಂದ. "ಹೇಳಿ, ಮರಿಯ ಹೆಸರೇನು?"

ಅವಳು ಅವನ ಮಣಿಕಟ್ಟನ್ನು ಹಿಡಿದು ಮೈಕನ್ನು ತನ್ನ ಬಾಯಿಗೆ ಎಳೆದುಕೊಂಡಳು. "ಇದು ನಾಟಕ ಅಲ್ಲ," ಎಂದಳು. ನಾಲ್ಕು ಮೂಲೆಯಿಂದ ತನ್ನದೇ ದನಿ ನಡುಗುತ್ತಾ ಮರಳಿ ಬಂತು. "ಇವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ತಗೊಂಡಿದ್ದಾರೆ, ಸರಿಯಾಗಿ ಏನೂ ತಿಂದಿಲ್ಲ. ಡಾಕ್ಟರ್ ಇದ್ರೆ ಬನ್ನಿ. ದಮ್ಮಯ್ಯ, ನಗಬೇಡಿ."

ಸಂಗೀತ ನಿಂತಿತು. ಜನರ ನಡುವಿನಿಂದ ಅಸ್ಥಿಪಂಜರವೊಂದು ನುಗ್ಗಿ ಬಂದು ವೇದಿಕೆ ಹತ್ತಿತು. ಬಿಳಿ ಬಣ್ಣ ಬಳಿದ ತಲೆಬುರುಡೆಯ ಮುಖ ಮೇಷ್ಟ್ರ ಮೇಲೆ ಬಗ್ಗಿದಾಗ ಅವಳು ಹೌಹಾರಿ ಹಿಂದೆ ಸರಿದಳು. ಯಮನೇ ಬಂದನೆಂದು ಆ ಗಳಿಗೆಯಲ್ಲಿ ಅನ್ನಿಸಿತಂತೆ.

"ನಾನು ನರ್ಸ್," ಎಂದಿತು ಅಸ್ಥಿಪಂಜರ, ಹೆಂಗಸಿನ ದನಿಯಲ್ಲಿ. "ಹೆದರಬೇಡಿ. ಇವರನ್ನ ಮಗ್ಗುಲಿಗೆ ಮಲಗಿಸಿ."

ಅಷ್ಟರಲ್ಲಿ ಜನ ಚಾಕಲೇಟು, ಜ್ಯೂಸು, ಸಕ್ಕರೆ ಪೊಟ್ಟಣ ತಂದು ಸುರಿದಿದ್ದರು. ಅವಳು ಜ್ಯೂಸಿನ ಬಾಟಲಿ ತೆರೆದಳು. ನರ್ಸು ಅವಳ ಕೈ ತಡೆದಳು. "ಬಾಯಿಗೆ ಏನೂ ಹಾಕಬಾರದು. ಪ್ರಜ್ಞೆ ಇಲ್ಲ, ಶ್ವಾಸಕ್ಕೆ ಹೋಗುತ್ತೆ. ಆಂಬುಲೆನ್ಸ್ ಗೇಟಲ್ಲೇ ಇದೆ, ಬರ್ತಾರೆ."

ಬೇಕಾದದ್ದು ರಾಶಿ ಬಿದ್ದಿದೆ, ಕೊಡುವ ಹಾಗಿಲ್ಲ. ಆ ಆರೇಳು ನಿಮಿಷ ಅವಳು ಮೇಷ್ಟ್ರ ತಣ್ಣನೆಯ ಕೈ ಹಿಡಿದು ಉಸಿರು ಎಣಿಸಿದಳು. ಎರಡು ಉಸಿರಿನ ನಡುವೆ ಬಿಡುವು ಬಂದಾಗಲೆಲ್ಲ ಅವಳ ಉಸಿರೂ ನಿಲ್ಲುತ್ತಿತ್ತು. ಆಂಬುಲೆನ್ಸಿನವರು ಓಡಿ ಬಂದು, ರಕ್ತನಾಳ ಹುಡುಕಿ ಗ್ಲೂಕೋಸ್ ಏರಿಸಿದರು. ಸ್ವಲ್ಪ ಹೊತ್ತಿಗೆ ಮೇಷ್ಟ್ರ ರೆಪ್ಪೆ ಅಲುಗಿತು. ಸುತ್ತ ನೆರೆದಿದ್ದ ರಾಜ, ರಾಕ್ಷಸ, ಅಸ್ಥಿಪಂಜರಗಳನ್ನೆಲ್ಲ ನೋಡಿ, "ನಾನು ಸತ್ತೆನಾ?" ಎಂದಳು.

ಆಸ್ಪತ್ರೆಯಲ್ಲಿ ನಡುಕ ನಿಲ್ಲದೆ ಕೂತಿದ್ದವಳನ್ನೇ ರೋಗಿಯೆಂದು ತಿಳಿದು ಯಾರೋ ಗಾಲಿಕುರ್ಚಿ ತಂದರು. ಅವಳ ಒಂದು ಕಾಲಿಗೆ ಇನ್ನೂ ಮೃಗದ ಪಂಜ ಇತ್ತು. ಸಂಜೆ ಡಾಕ್ಟರು, ಹೀಗೆ ಮೊದಲೂ ಆಗಿತ್ತಾ ಎಂದು ಕೇಳಿದಾಗ ಮೇಷ್ಟ್ರು ಗೋಡೆ ಕಡೆ ಮುಖ ತಿರುಗಿಸಿದಳು. ಅವರು ಹೋದ ಮೇಲೆ ಮೆಲ್ಲಗೆ ಬಾಯಿಬಿಟ್ಟಳು.

"ಎರಡು ಸಲ ಆಗಿದೆ ಕಣೇ. ಮನೇಲಿ, ಒಬ್ಬಳೇ ಇದ್ದಾಗ. ಒಂದ್ಸಲ ಅಡುಗೆಮನೆ ನೆಲದ ಮೇಲೆ ಎಚ್ಚರ ಆಯ್ತು. ಹೇಳಿದ್ರೆ ಗಾಡಿಯಿಂದ ಇಳಿಸ್ತಾರೆ. ದಿನಾ ಪಾಠ ಶುರು ಮಾಡೋವಾಗ ಕೈ ನಡುಗ್ತಿತ್ತು. ಅದಕ್ಕೇ ಜೋರಾಗಿ ಮಾತಾಡ್ತಿದ್ದೆ."

"ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಹೆದರ್ತಿದ್ದೆ."

"ಹೆದರ್ತಿದ್ದೆ. ಅದೊಂದು ನಂಗೆ ಚೆನ್ನಾಗಿ ಬರುತ್ತೆ ಮೇಷ್ಟ್ರೇ. ಹೇಳಬೇಕಿತ್ತು."

ಮೇಷ್ಟ್ರು ಅತ್ತಳು. ಅವಳು ಅತ್ತದ್ದನ್ನು ಬ್ರೇಕು ನೋಡಿದ್ದು ಅದೇ ಮೊದಲು. ಆ ವಾರವೇ ಮೇಷ್ಟ್ರು ಶಾಲೆಯ ಮಾಲೀಕರಿಗೆ ವಿಷಯ ತಿಳಿಸಿದಳು. ಡಾಕ್ಟರು ಸರಿ ಎನ್ನುವವರೆಗೆ ಅವಳಿಗೆ ಆಫೀಸಿನ ಮೇಜು ಸಿಕ್ಕಿತು. ಅಲ್ಲಿ ಕೂತು ಸಿಡಿಮಿಡಿಗುಟ್ಟುತ್ತಾ ಅರ್ಜಿ ತುಂಬಿಸಿಕೊಳ್ಳುತ್ತಾಳೆ. ಬ್ರೇಕಿನ ಹೆದರಿಕೆ ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ. ನಿಜ ಹೇಳಬೇಕೆಂದರೆ ಹೆಚ್ಚಿದೆ. ಒಮ್ಮೆ ನಿಜವಾದ ಮೇಲೆ ಅದಕ್ಕೆ ಬಲ ಬಂದಿದೆ. ಭಾನುವಾರ ಇಬ್ಬರೂ ನಡೆಯಲು ಹೋದಾಗ, ಪಕ್ಕದವಳ ಮಾತು ಅರೆಗಳಿಗೆ ನಿಂತರೂ ಸಾಕು, ಕತ್ತು ತಿರುಗಿಸಿ ಮುಖ ನೋಡುತ್ತಾಳೆ. ಮೇಷ್ಟ್ರು ಈಗ ಅದಕ್ಕೆ ನಗುವುದಿಲ್ಲ. "ಇದ್ದೀನಿ ಕಣೇ," ಎನ್ನುತ್ತಾಳೆ.