ಪಾಪದ ಪಾಠ

ಗಂಡ ತೀರಿಕೊಂಡ ಮರುವರ್ಷ, ತೊಂಬತ್ತರ ದಶಕದ ನಡುವಿನಲ್ಲಿ, ನಮ್ಮ ಕ್ರೈಸ್ತ ಸಭೆಯ ಪಾದ್ರಿ ಅಯ್ಯನವರು ಭಾನುವಾರದ ಮಕ್ಕಳ ತರಗತಿಯನ್ನು ನನಗೆ ಒಪ್ಪಿಸಿದರು. ವಾರವೆಲ್ಲ ಶಾಲೆಯಲ್ಲಿ ಕನ್ನಡ ಕಲಿಸುವವಳು, ಮಕ್ಕಳನ್ನು ಸಂಭಾಳಿಸುವುದು ಗೊತ್ತಿದೆ ಎಂಬುದು ಅವರು ಕೊಟ್ಟ ಕಾರಣ. ಇವಳು ರಜೆಯ ದಿನವೂ ಮನೆಯಲ್ಲಿ ಒಬ್ಬಳೇ ಕೂತಿರಬಾರದು ಎಂಬುದು ಅವರು ಬಾಯಿಬಿಟ್ಟು ಹೇಳದ ಕಾರಣ. ಬನ್ನಿಮಂಟಪದ ಹತ್ತಿರ ನಮ್ಮದು ಚಿಕ್ಕ ಚರ್ಚು. ಆರಾಧನೆ ಮುಗಿದ ಮೇಲೆ ಹಿಂದಿನ ವರಾಂಡದಲ್ಲಿ ಚಾಪೆ ಹಾಸಿ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದೆ. ಹೆಚ್ಚಿನವರು ಪಕ್ಕದ ಹಾಸ್ಟೆಲಿನ ಹುಡುಗಿಯರು.

ಮೊದಲ ಪಾಠವೇ ಪಾಪ ಮತ್ತು ವಿಮೋಚನೆ. ನಾವೆಲ್ಲರೂ ಪಾಪ ಮಾಡಿದವರು ಎಂದು ಶುರು ಮಾಡಿದ ಕೂಡಲೇ ಮುಂದೆ ಕೂತಿದ್ದ ಸಣ್ಣ ಹುಡುಗಿಯೊಬ್ಬಳು ಕೈ ಎತ್ತಿದಳು.

"ಪಾಪ ಅಂದ್ರೆ, ಅಯ್ಯೋ ಪಾಪ ಅಂತಾರಲ್ಲ, ಅದೇನಾ ಮಿಸ್?"

ಉಳಿದ ಮಕ್ಕಳು ನಕ್ಕರು. ಅದು ಬೇರೆ, ಇದು ಬೇರೆ ಎಂದು ಹೇಳಿ ನಾನು ಮುಂದಕ್ಕೆ ಹೋದೆ. ಆದರೆ ಇಷ್ಟು ವರ್ಷ ಕನ್ನಡ ಕಲಿಸಿಯೂ ಆ ಎರಡೂ ಒಂದೇ ಮಾತು ಎನ್ನುವುದು ನನಗೆ ಹೊಳೆದಿರಲಿಲ್ಲ.

ದೊಡ್ಡ ಮಾತುಗಳನ್ನು ಬಿಟ್ಟು ಮನೆಯ ಉದಾಹರಣೆ ಕೊಟ್ಟೆ. ಹಾಲಿನ ಪಾತ್ರೆ ಉರುಳಿಸಿದ ಮಗು ಏನು ಮಾಡುತ್ತದೆ? ಬಾಗಿಲ ಸಂದಿಯಲ್ಲಿ ಅಡಗಿಕೊಳ್ಳುತ್ತದೆ. ಹಾಲು ಚೆಲ್ಲಿದ್ದು ತಪ್ಪೇ. ಆದರೆ ಅಮ್ಮನ ಮುಖ ನೋಡಲಾರದೆ ಕತ್ತಲಲ್ಲಿ ಕೂತಿರುವುದು ಅದಕ್ಕಿಂತ ದೊಡ್ಡ ಕಷ್ಟ. ಮನುಷ್ಯರು ದೇವರಿಂದ ಹೀಗೆ ಅಡಗಿಕೊಂಡರು, ತಾವಾಗಿ ಹೊರಗೆ ಬರುವ ಧೈರ್ಯ ಅವರಿಗಿರಲಿಲ್ಲ. ಅದಕ್ಕೇ ದೇವರು ಯೇಸುವಾಗಿ ಹುಡುಕಿಕೊಂಡು ಬಂದ, ಚೆಲ್ಲಿದ್ದನ್ನು ತಾನೇ ಒರೆಸಿದ, ಅವರಿಗೆ ಬೀಳಬೇಕಿದ್ದ ಏಟನ್ನು ತಾನೇ ತಿಂದ. ಶಿಲುಬೆ ಅಂದರೆ ಅದು ಎಂದೆ.

ಮಕ್ಕಳು ತಲೆಯಾಡಿಸಿದರು. ಅದೇ ಹುಡುಗಿ ಮತ್ತೆ ಕೇಳಿದಳು.

"ಹುಡುಕಕ್ಕೆ ಯಾರೂ ಬರ್ಲಿಲ್ಲ ಅಂದ್ರೆ ಮಿಸ್?"

ದೇವರು ಬಂದೇ ಬರುತ್ತಾನೆ ಎಂದೆ. ಅವಳು ಚಾಪೆಯ ಎಳೆ ಕೀಳತೊಡಗಿದಳು. ತಾಯಿಯಿಲ್ಲದ ಹುಡುಗಿ, ಭಾನುವಾರ ಎಲ್ಲರನ್ನು ನೋಡಲು ಊರಿನಿಂದ ಜನ ಬಂದರೂ ಇವಳಿಗೆ ಯಾರೂ ಬರುವುದಿಲ್ಲ ಎಂದು ಹಾಸ್ಟೆಲಿನ ವಾರ್ಡನ್ ಆಮೇಲೆ ಹೇಳಿದರು.

ರಾಜೀವನಗರದಲ್ಲಿ ನನ್ನದು ಒಂದೇ ಕೋಣೆಯ ಬಾಡಿಗೆ ಮನೆ. ಗೋಡೆಯಾಚೆ ತುಂಬಿದ ಸಂಸಾರ. ಅಲ್ಲಿ ಕುಕ್ಕರ್ ಕೂಗುವುದು, ಮಗು ರಚ್ಚೆ ಹಿಡಿಯುವುದು, ಯಾರೋ ಯಾರನ್ನೋ ಊಟಕ್ಕೆ ಕರೆಯುವುದು ಎಲ್ಲ ಕೇಳಿಸುತ್ತಿತ್ತು. ಆ ದಿನ ಮಧ್ಯಾಹ್ನ ತಟ್ಟೆಯ ಮುಂದೆ ಕೂತಾಗ, ಹುಡುಗಿ ಕೇಳಿದ್ದು ನನ್ನ ಬಗ್ಗೆಯೇ ಅನಿಸಿತು.

ನಾನು ಹುಟ್ಟಿದ್ದು ಕುಂಬಾರಕೊಪ್ಪಲಿನ ವೀರಶೈವರ ಮನೆಯಲ್ಲಿ. ಅಪ್ಪನಿಗೆ ದಿನಸಿ ಅಂಗಡಿ, ಮಠದ ಒಡನಾಟ. ಲಿಂಗಪೂಜೆ ಆಗದೆ ಮನೆಯಲ್ಲಿ ಯಾರೂ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಕ್ರೈಸ್ತರವನನ್ನು ಮೆಚ್ಚಿ, ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತಳಾಗಿ ಮದುವೆಯಾದೆ. ನಮ್ಮ ಪಾಲಿಗೆ ಮಗಳು ಸತ್ತಳು ಎಂದರಂತೆ ಅಪ್ಪ. ನನ್ನ ಗಂಡ ಹೋದಾಗ ತವರಿನಿಂದ ಯಾರೂ ಬರಲಿಲ್ಲ. ಅಪ್ಪ ಹೋದದ್ದು ನನಗೆ ಗೊತ್ತಾದದ್ದು ಎಷ್ಟೋ ದಿನಗಳಾದ ಮೇಲೆ, ಮಾರ್ಕೆಟ್ಟಿನಲ್ಲಿ ಸಿಕ್ಕ ಹಳೆಯ ನೆರೆಯವಳೊಬ್ಬಳ ಬಾಯಿಂದ. ಬಾಳೆಹಣ್ಣು ಚೌಕಾಸಿ ಮಾಡುತ್ತ, ನನಗೆ ಗೊತ್ತಿದೆ ಎಂದುಕೊಂಡೇ ಅವಳು ಹೇಳಿದ್ದಳು.

ಚರ್ಚಿನಿಂದ ಕುಂಬಾರಕೊಪ್ಪಲಿಗೆ ನಡೆದೇ ಹೋಗಬಹುದು. ನಾನು ಹೋಗಿರಲಿಲ್ಲ. ಮುಂದಿನ ಭಾನುವಾರ ತರಗತಿ ಮುಗಿಸಿ, ಬಸ್ ಸ್ಟಾಪಿನ ಕಡೆ ತಿರುಗದೆ ಆ ದಾರಿ ಹಿಡಿದೆ.

ಅವರೆಕಾಯಿಯ ಕಾಲ. ಅವ್ವ ಜಗಲಿಯ ಮೇಲೆ ಕೂತು ನೆನೆಸಿದ ಕಾಳು ಹಿದುಕುತ್ತಿದ್ದಳು. ಹಣೆಯ ಮೇಲೆ ವಿಭೂತಿ ಮಾತ್ರ ಇತ್ತು, ಕುಂಕುಮ ಇರಲಿಲ್ಲ. ತಲೆ ಎತ್ತಿ ತುಂಬ ಹೊತ್ತು ನೋಡಿದಳು.

"ಬಂದ್ಬುಟ್ಯಾ. ಬಿಸ್ಲಲ್ಲಿ ಯಾಕ್ ನಿಂತಿದ್ದೀಯ, ಬಾ ಕೂತ್ಕೊ."

ಕೂತೆ. ನನ್ನ ಕೈ ತಾನಾಗಿ ಬೋಗುಣಿಗೆ ಹೋಯಿತು. ಇಬ್ಬರೂ ಕಾಳು ಹಿದುಕಿದೆವು. ಬೋಗುಣಿ ಅರ್ಧ ಖಾಲಿಯಾದ ಮೇಲೆ ಅವ್ವ ನನ್ನ ಮುಖ ನೋಡದೆ ಹೇಳಿದಳು.

"ನಿನ್ ಗಂಡ ಹೋದಾಗ ನಾನ್ ಬಂದಿದ್ದೆ ಕಣಮ್ಮ. ಚರ್ಚ್ ಗೇಟ್ ತಂಕ ಬಂದಿದ್ದೆ. ಒಳಕ್ ಬರಕ್ಕೆ ಕಾಲೇಳ್ಲಿಲ್ಲ."

ಆ ದಿನ ನಾನು ಗೇಟಿಗೆ ಬೆನ್ನು ಮಾಡಿ ನಿಂತಿದ್ದೆ.

ಅಷ್ಟರಲ್ಲಿ ಅಣ್ಣ ಅಂಗಡಿಯಿಂದ ಬಂದ. ನನ್ನನ್ನು ಕಂಡು ಒಂದು ಗಳಿಗೆ ನಿಂತು, ಒಳಗೆ ಹೋದ. ಹೋಗು ಅನ್ನಲಿಲ್ಲ. ಒಳಗೆ ಬಾ ಅಂತಲೂ ಅನ್ನಲಿಲ್ಲ. ಹಾಗಾಗಿ ಮುಂದಿನ ವರ್ಷಗಳಲ್ಲಿ ಅವ್ವನ ಜೊತೆಗಿನ ನನ್ನ ಭೇಟಿಗಳೆಲ್ಲ ಆ ಜಗಲಿಯ ಮೇಲೇ ನಡೆದವು. ಒಳಗೆ ಎಲ್ಲರ ಊಟ ನಡೆಯುವಾಗ ನಾನು ಎದ್ದು ಬರುತ್ತಿದ್ದೆ.

ಮಕ್ಕಳಿಗೆ ಅದೇನು ಹೇಳಿಕೊಡುತ್ತೀಯ ಎಂದು ಅವ್ವ ಒಮ್ಮೆ ಕೇಳಿದಳು. ಹಾಲು ಚೆಲ್ಲಿದ ಮಗುವಿನ ಕಥೆಯನ್ನೇ ಹೇಳಿದೆ. ಕೊನೆಯವರೆಗೂ ಕೇಳಿದಳು.

"ಯಾರ್ ಪಾಪಕ್ಕೆ ಸತ್ತಿದ್ದು ಅವ್ನು?"

"ಎಲ್ಲಾರದ್ದಕ್ಕೂ ಅವ್ವ."

"ನಂದಕ್ಕೂನಾ?"

"ನಿಂದಕ್ಕೂ."

"ನಾನೇನ್ ಕೇಳಿರ್ಲಿಲ್ವಲ್ಲ," ಅಂದಳು. ಆಮೇಲೆ ತನ್ನಷ್ಟಕ್ಕೇ "ಪಾಪ" ಅಂದಳು.

ಅದು ಯಾವ ಪಾಪ ಎಂದು ನಾನು ಕೇಳಲಿಲ್ಲ. ಮುಂದಿನ ಭಾನುವಾರ ಹಾಸ್ಟೆಲಿನ ಹುಡುಗಿಯನ್ನು ಹತ್ತಿರ ಕರೆದು, ನೀನು ಅವತ್ತು ಕೇಳಿದ್ದು ಸರಿಯಾಗಿಯೇ ಇತ್ತು, ದೇವರು ನಮ್ಮ ಪಾಪ ನೋಡಿದಾಗ ಮೊದಲು ಅಯ್ಯೋ ಪಾಪ ಅಂದಿರಬೇಕು ಎಂದೆ. ತಾನು ಯಾವಾಗ ಏನು ಕೇಳಿದ್ದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಅವ್ವ ತೀರಿಕೊಂಡಳು. ಈ ಸಲ ಅಣ್ಣ ನನ್ನ ಶಾಲೆಗೆ ಫೋನು ಮಾಡಿಸಿದ್ದ. ಅವರ ಪದ್ಧತಿಯಂತೆ ಅವ್ವನನ್ನು ಗುಣಿಯಲ್ಲಿ ಕೂರಿಸಿದ್ದರು. ನಾನು ಎಲ್ಲರಿಗಿಂತ ಹಿಂದೆ, ಬೇಲಿಯ ಹತ್ತಿರ ನಿಂತಿದ್ದೆ. ಅಣ್ಣ ಗುಂಪನ್ನು ಸರಿಸಿಕೊಂಡು ಬಂದು ನನ್ನ ಅಂಗೈಗೆ ಬಿಲ್ವಪತ್ರೆ ಇಟ್ಟ.

"ಹಾಕು," ಅಂದ.

ನನ್ನ ಮದುವೆಯಾದ ಮೇಲೆ ಅವನು ನನಗೆ ಆಡಿದ ಮೊದಲ ಮಾತು ಅದು. ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಬಗ್ಗಿ ಅವ್ವನ ಮಡಿಲಿಗೆ ಪತ್ರೆ ಹಾಕಿದೆ. ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಮನೆಗೆ ಹೊರಟರು. ನನ್ನನ್ನು ಯಾರೂ ಕರೆಯಲಿಲ್ಲ. ಅಣ್ಣ ಒಮ್ಮೆ ತಿರುಗಿ ನೋಡಿದ, ಅಷ್ಟೇ. ನಾನು ರಾಜೀವನಗರದ ಬಸ್ಸು ಹತ್ತಿದೆ.

ಆ ವಾರ, ನಮ್ಮವ್ವ ತೀರಿಕೊಂಡಳು ಎಂದು ಮಕ್ಕಳಿಗೆ ಹೇಳಿ, ತರಗತಿ ಬೇಗ ಮುಗಿಸಿದೆ. ಆ ಹುಡುಗಿ ಅಷ್ಟು ಹೊತ್ತಿಗೆ ಹೈಸ್ಕೂಲಿಗೆ ಬಂದಿದ್ದಳು. ಉಳಿದವರು ಹೋದರೂ ಅವಳು ಚಾಪೆ ಬಿಟ್ಟು ಏಳಲಿಲ್ಲ.

"ನಿಮ್ಮವ್ವಂಗೆ ದೀಕ್ಷಾಸ್ನಾನ ಆಗಿತ್ತಾ ಮಿಸ್?"

ಇಲ್ಲ ಎಂದೆ.

"ಮತ್ತೆ?"

ಅವಳ ತಾಯಿಗೂ ಆಗಿರಲಿಲ್ಲವಂತೆ. ಅದನ್ನು ಅವಳು ಅವತ್ತೇ ಮೊದಲ ಬಾರಿ ಹೇಳಿದ್ದು. ದೀಕ್ಷಾಸ್ನಾನ ಆಗದವರಿಗೆ ವಿಮೋಚನೆಯಿಲ್ಲ ಎಂದು ಪಾಠದಲ್ಲಿರುವ ಉತ್ತರ ನನಗೆ ಬಾಯಿಪಾಠವಿತ್ತು. ಅದನ್ನು ಹೇಳಲಿಲ್ಲ.

"ನಂಗೊತ್ತಿಲ್ಲ ಕಣಮ್ಮ," ಅಂದೆ. "ದೇವ್ರಿಗೆ ಗೊತ್ತಿರುತ್ತೆ. ಅವ್ನು ನನಗಿಂತ ಕರುಣೆ ಇರೋನು ಅಂತ ಮಾತ್ರ ಗೊತ್ತು."

ಅವಳು ಆಮೇಲೆ, ನಿಮ್ಮವ್ವ ನೋಡಲು ಹೇಗಿದ್ದರು ಎಂದು ಕೇಳಿದಳು. ಅವ್ವ ಸತ್ತ ಮೇಲೆ ಅವಳ ಬಗ್ಗೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಸಭೆಯವರಿಗೆ ಅವಳು ಗೊತ್ತಿರಲಿಲ್ಲ, ಅವಳ ಕಡೆಯವರಿಗೆ ನಾನು ಬೇಕಿರಲಿಲ್ಲ. ಕುಳ್ಳಗಿದ್ದಳು ಎಂದು ಶುರು ಮಾಡಿದೆ. ನಕ್ಕರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಬೇಸಿಗೆಯಲ್ಲೂ ಬಿಸಿನೀರೇ ಕುಡಿಯುತ್ತಿದ್ದಳು ಎಂದೆ. ಹಾಸ್ಟೆಲಿನ ಊಟದ ಗಂಟೆ ಹೊಡೆಯುವವರೆಗೂ ಹೇಳುತ್ತಲೇ ಇದ್ದೆ.