ನೆಲ ಮುಟ್ಟಿದ ಮೇಲೆ ತಿರುಗಿದ ವಿಮಾನ

“ನೆಲ ಮುಟ್ತು ಅಂತ ಹಿಗ್ಗಬೇಡಿ. ಈ ವಿಮಾನ ಇದೆಯಲ್ಲ, ಆಕಾಶದಲ್ಲಿ ಹಸು, ನೆಲಕ್ಕೆ ಬಂದ್ರೆ ಹೋರಿ. ಪುಟ್ಟ ಚಕ್ರ ಬಾಲದಲ್ಲಿದೆ. ನಿಮ್ಮ ಕಾಲು ದಿಕ್ಕು ಹಿಡಿಯೋ ಪೆಡಲ್ ಮೇಲೆ ಚಿಟಿಕೆ ಹೊಡೆಯೋಷ್ಟು ಹೊತ್ತು ಸೋಮಾರಿ ಆಯ್ತೋ, ಬಾಲ ‘ನಾನೇ ಮುಂದೆ ಹೋಗ್ತೀನಿ’ ಅಂತ ಹೊರಟುಬಿಡುತ್ತೆ. ಆಮೇಲೆ ಬಂದ ದಾರಿಗೇ ಮುಖ ಮಾಡ್ಕೊಂಡು ಕೂತಿರ್ತೀರಿ. ಇಂಜಿನ್ ಆರಿಸೋವರೆಗೂ ಹಾರ್ತಾನೇ ಇದ್ದೀವಿ ಅಂದ್ಕೊಳ್ಳಿ. ಅಳು, ನಗು, ಅಮ್ಮನ ನೆನಪು, ಎಲ್ಲ ಅದಾದ ಮೇಲೆ.”

ಇದು ನನ್ನ ತಮ್ಮ ಇಪ್ಪತ್ತೆಂಟು ವರ್ಷದಿಂದ ವಿಮಾನ ಕಲಿಯಲು ಬಂದವರಿಗೆಲ್ಲ ಹೇಳುತ್ತಾ ಬಂದ ಮಾತು. ಊರಾಚೆಯ ವಿಮಾನ ಕ್ಲಬ್ಬಿನಲ್ಲಿ ಅವನು ಗುರು. ಕಲಿಯುವವರ ಬಾಯಲ್ಲಿ ‘ಬಾಲದ ಮೇಷ್ಟ್ರು’. ಅಲ್ಲಿಯೇ ಕ್ಯಾಂಟೀನಿನಲ್ಲಿ ಚಹಾ ಕಾಸುವ ನನಗೂ ಅದು ಬಾಯಿಪಾಠ.

ಮೊಣಕಾಲು ನೋವಿನಿಂದ ನಾನು ಹದಿನೈದು ದಿನ ಮನೆಯಲ್ಲೇ ಮಲಗಿದ್ದೆ. ಮತ್ತೆ ಕೆಲಸಕ್ಕೆ ಬಂದ ದಿನ ಕ್ಯಾಂಟೀನಿನ ಬಾಗಿಲಲ್ಲಿ ನಿಂತಿದ್ದಾಗ, ತಮ್ಮ ಒಬ್ಬನೇ ವಿಮಾನ ಇಳಿಸುತ್ತಿದ್ದ. ಚಕ್ರ ಮೆತ್ತಗೆ ನೆಲ ಮುಟ್ಟಿತು. ಅವನು ನನ್ನನ್ನು ಕಂಡು ಜೋರಾಗಿ ಕೈ ಬೀಸಿದ. ಅಷ್ಟೇ! ವಿಮಾನ ಗಿರಕ್ಕನೆ ಅರ್ಧ ಸುತ್ತು ಹಾಕಿ, ಹುಲ್ಲಿಗೆ ನುಗ್ಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಪುಣ್ಯಕ್ಕೆ ಅವನಿಗೂ ವಿಮಾನಕ್ಕೂ ಏನೂ ಆಗಲಿಲ್ಲ.

“ಗಾಳಿ ಹೊಡೀತು,” ಎಂದ ಮೊದಲ ಚಹಾಕ್ಕೆ. ಎರಡನೆಯ ಚಹಾಕ್ಕೆ ಕಾಗೆ ಅಡ್ಡ ಬಂತು. ಸಂಜೆಯ ಹೊತ್ತಿಗೆ ತಪ್ಪೆಲ್ಲ ಟೈರಿನದಾಯಿತು. ನಾನು ಲೋಟ ತೊಳೆಯುತ್ತಾ ಕೇಳಿಸಿಕೊಂಡೆ.

ಕ್ಲಬ್ಬಿನ ನಿಯಮದಂತೆ, ಹಾಗೆ ತಿರುಗಿಸಿದವರು ಮತ್ತೆ ಪರೀಕ್ಷೆ ಕೊಡಬೇಕು, ಪಾಸಾಗದಿದ್ದರೆ ಕಲಿಸುವಂತಿಲ್ಲ. ಪಾಠ ಹೇಳದೆ ಒಂದು ದಿನ ಇರಲಾರದ ಮನುಷ್ಯ, ಆ ವಾರವೆಲ್ಲ ಅನ್ನ ಕಲಸುತ್ತಾ ಕೂರುತ್ತಿದ್ದ, ಉಣ್ಣುತ್ತಿರಲಿಲ್ಲ. ಪರೀಕ್ಷೆ ಮಾಡಲು ಬಂದವಳು ಅವನ ಹಳೆಯ ಶಿಷ್ಯೆ. ಹಿಂದೆ ಅವನ ಬೈಗುಳಕ್ಕೆ ನನ್ನ ಒಲೆಯ ಪಕ್ಕ ಕೂತು ಅತ್ತಿದ್ದವಳು.

“ಏನಾಯ್ತು ಮೇಷ್ಟ್ರೇ?”

“ಅದು... ಗಾಳಿ...”

“ಅವತ್ತು ಎಲೆ ಅಲ್ಲಾಡಿಲ್ಲವಂತೆ. ಕಾರಣ ಹೇಳದೋರ ಜೊತೆ ನಾನು ಹತ್ತಲ್ಲ.”

ತಮ್ಮ ನೆಲ ನೋಡಿದ. “ಅಕ್ಕನಿಗೆ ಕೈ ಬೀಸ್ದೆ ಕಣಮ್ಮ. ಕೈ ಮೇಲೆ ಹೋಯ್ತು, ಕಾಲು ರಜ ಹಾಕ್ತು.”

ಅವಳು ನಗಲಿಲ್ಲ. ಹತ್ತುವ ಮೊದಲು ನನ್ನ ಕಿವಿಯಲ್ಲಿ ಏನೋ ಉಸುರಿದಳು. ನಾನು ಹಲ್ಲು ಕಚ್ಚಿ ನಗು ತಡೆದೆ.

ಎರಡು ಸಲ ನೆಟ್ಟಗೆ ಇಳಿದರು. ಮೂರನೆಯ ಸಲ ಚಕ್ರ ನೆಲ ಮುಟ್ಟುತ್ತಲೇ, ಅವಳು ಹೇಳಿಕೊಟ್ಟಂತೆ, ನಾನು ಎರಡೂ ಕೈಯಲ್ಲಿ ಟವೆಲ್ ಹಿಡಿದು ಬೀಸತೊಡಗಿದೆ. ಒಳಗೆ ಅವಳೂ ಬಿಡಲಿಲ್ಲವಂತೆ: “ನೋಡಿ ಮೇಷ್ಟ್ರೇ, ಅಕ್ಕ ಕರೀತಿದ್ದಾರೆ!”

“ಕರೀಲಿ ಬಿಡು, ಕೈ ನೋಯಿಸ್ಕೊಂಡು ಅವಳೇ ನಿಲ್ಲಿಸ್ತಾಳೆ.”

ವಿಮಾನ ಗೆರೆ ಎಳೆದಂತೆ ಬಂದು ನಿಂತಿತು. ಇಂಜಿನ್ ಆರಿದ ಮೇಲೆಯೇ ಅವನು ನನ್ನ ಕಡೆ ತಿರುಗಿ ಕೂಗಿದ: “ಏನಕ್ಕಾ, ನೊಣ ಓಡಿಸ್ತಿದ್ದೀಯಾ?”

ಅವಳು ಕಾಗದಕ್ಕೆ ಸಹಿ ಹಾಕಿ ಕೈಗಿತ್ತಳು. “ನಾಳೆಯಿಂದ ಪಾಠ ಶುರು ಮಾಡಿ ಮೇಷ್ಟ್ರೇ. ಇವತ್ತು ಮಾತ್ರ ನೀವೇ ವಿದ್ಯಾರ್ಥಿ.”

ಹಾರಾಟ ಮುಗಿದ ಮೇಲೆ ವಿಮಾನ ಒರೆಸುವುದು ದಿನವೂ ವಿದ್ಯಾರ್ಥಿಗಳ ಕೆಲಸ. ತಮ್ಮ ಅಂಗಿಯ ತೋಳು ಮಡಚಿ, ಬಕೆಟ್ಟಿಗೆ ನೀರು ಹಿಡಿದು, ಮುಂದಿನ ಗಾಜಿಗೆ ಅಂಟಿದ್ದ ಹುಳುಗಳನ್ನು ಒಂದೊಂದಾಗಿ ಉಜ್ಜಿ ತೆಗೆಯಲು ನಿಂತ.