ಅಣಬೆ ಉಪ್ಪಿನಕಾಯಿಯೊಡನೆ ದೋಹಾಕ್ಕೆ

ಉಡುಪಿಯಲ್ಲಿ ತಂಗಿ ಲಿಲ್ಲಿ ನನ್ನ ಪೆಟ್ಟಿಗೆಯೊಳಗೆ ಅಣಬೆ ಉಪ್ಪಿನಕಾಯಿಯ ಬಾಟ್ಲಿ ಇಟ್ಟು, ನನ್ನನ್ನು ದೋಹಾಕ್ಕೆ ರಾಯಭಾರಿಯಾಗಿ ನೇಮಿಸಿದಳು. ಅವಳ ಮಗ ರೋಶನ್ ಆಸ್ಟ್ರೇಲಿಯಾದಲ್ಲಿ ಲಾರಿ ಓಡಿಸುವಾಗ ನಿದ್ದೆ ಬಾರದಿರಲೆಂದು ಮೆಥ್ ಎಂಬ ಮಾದಕ ಹರಳಿಗೆ ಅಂಟಿಕೊಂಡು, ಊಟವನ್ನೂ ನಿದ್ದೆಯನ್ನೂ ಬಿಟ್ಟಿದ್ದ. ಅಲ್ಲಿನ ಆಸ್ಪತ್ರೆಯೊಂದರ ಪ್ರಯೋಗದಲ್ಲಿ ಅಣಬೆಯ ಸತ್ವ ಕೊಟ್ಟು ಚಟ ಬಿಡಿಸಿದರಂತೆ. ಈಗ ಒಂದು ವರ್ಷದಿಂದ ದೋಹಾದಲ್ಲಿ ಗೋದಾಮಿನ ಕೆಲಸ.

"ಅವರ ಅಣಬೆಗೆ ಗುಣವಾಗುವುದಾದರೆ ನಮ್ಮದು ಎಂತ ಪಾಪ ಮಾಡಿದೆ?" ಎಂಬುದು ಲಿಲ್ಲಿಯ ವೈದ್ಯಶಾಸ್ತ್ರ. "ಅವನು ಚಟದಲ್ಲಿದ್ದಾಗ ಕಳಿಸಿದ ಬಾಟ್ಲಿಗಳೆಲ್ಲ ತಿನ್ನದೆ ಬೂಸ್ಟು ಹಿಡಿದವು. ಇದು ಖಾಲಿಯಾಗಿ ಬಂದರೆ ಮಾತ್ರ ಗುಣವಾದದ್ದು ನಂಬ್ತೇನೆ. ನೀನು ತಿಂದು ಮುಗಿಸಬೇಡ!"

ಮುಂಬೈಯಿಂದ ಮೂರೂವರೆ ಗಂಟೆ ಹಾರಾಟ. ದೋಹಾದ ತಪಾಸಣೆಯಲ್ಲಿ ಅಧಿಕಾರಿ ಬಾಟ್ಲಿ ಎತ್ತಿ ಏನೆಂದು ಕೇಳಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು, "ಅಣಬೆ. ಔಷಧಿ" ಎಂದು ಇಂಗ್ಲಿಷಿನಲ್ಲಿ ಸ್ಪಷ್ಟಪಡಿಸಿದೆ. ಇಪ್ಪತ್ತು ನಿಮಿಷ ಕತಾರ್ ದೇಶ ನನ್ನ ಬಗ್ಗೆ ಗಂಭೀರವಾಗಿ ಯೋಚಿಸಿತು. ಕೊನೆಗೆ ಮಲಯಾಳಿ ನೌಕರನೊಬ್ಬ ಮುಚ್ಚಳ ತೆರೆದು, ಮೂಸಿ, ಸೀನಿ, "ಅಚಾರ್!" ಎಂದು ತೀರ್ಪಿತ್ತ.

"ಖಲಾಸ್, ಯಲ್ಲಾ" ಎಂದು ಅಧಿಕಾರಿ, ಮುಗಿಯಿತು ನಡೆ ಎಂಬಂತೆ ಕೈಬೀಸಿದ.

ಹೊರಗೆ ಕಾಯುತ್ತಿದ್ದ ರೋಶನ್ ಇದನ್ನು ಕೇಳಿ ಕಾರಿಗೆ ಒರಗಿ ನಕ್ಕ. "ಮಾಮಾ, ನಾನು ತಗೊಂಡದ್ದು ಅಮಲಿನ ಅಣಬೆ, ಇಲ್ಲಿ ಸಿಕ್ಕಿದ್ರೆ ಜೈಲೇ!"

ಮರುದಿನ ನಲವತ್ತಮೂರು ಡಿಗ್ರಿ ಬಿಸಿಲು. ನಜ್ಮಾ ಬಡಾವಣೆಯ ಕೆಫೆಟೇರಿಯಾದಲ್ಲಿ ಕರಕ್ ಚಾ ಕುಡಿಯುತ್ತ ವಿಚಾರಣೆ ಆರಂಭಿಸಿದೆ. "ಔಷಧಿ ಕೊಟ್ಟ ದಿವಸ ಎಂತ ಕಂಡದ್ದು?"

"ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ರು. ಇಡೀ ದಿನ ಇಬ್ಬರು ಥೆರಪಿಸ್ಟ್ ಪಕ್ಕದಲ್ಲಿ. ಅಮ್ಮ ತಟ್ಟೆ ಇಟ್ಟು ಕಾಯುವುದು ಕಂಡಿತು ಮಾಮಾ. ತುಂಬಾ ಅತ್ತುಬಿಟ್ಟೆ."

"ಅಷ್ಟಕ್ಕೇ ಗುಣವಾಯ್ತಾ?"

"ಎಲ್ಲಿ! ಔಷಧಿ ಎರಡು ದಿನ, ಅವರ ಜೊತೆ ಮಾತು ಮೂರು ತಿಂಗಳು. ಜೊತೆಗಿದ್ದ ಒಬ್ಬನಿಗೆ ಏನೂ ಗುಣ ಕಾಣ್ಲಿಲ್ಲ, ಪಾಪ."

"ಮಾತಿಗೇ ಗುಣವಾಗುವುದಾದರೆ ನಿನ್ನ ಅಮ್ಮನೇ ಸಾಕಿತ್ತಲ್ಲ ಮಾರಾಯ."

"ಥೆರಪಿಸ್ಟ್‌ಗಳು ಕೇಳಿಸಿಕೊಳ್ತಿದ್ರು ಮಾಮಾ."

ಶುಕ್ರವಾರ ಅಲ್ ವುಕೈರಿನ ಅವನ ಫ್ಲ್ಯಾಟಿನಲ್ಲಿ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ರೋಶನ್ ಮೂರು ಸಲ ಬಡಿಸಿಕೊಂಡ. ಪ್ರತಿ ಸಲವೂ ಬಾಟ್ಲಿಗೆ ಚಮಚ ಇಳಿಯಿತು. ಮೂರು ಗಂಟೆಗೆ ಸೋಫಾದಲ್ಲಿ ಗೊರಕೆ. ನಾನು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಲಿಲ್ಲಿಗೆ ಕಳಿಸಿದೆ.

"ಬಾಟ್ಲಿ?" ಎಂದಷ್ಟೇ ಉತ್ತರ ಬಂತು.

ಹೊರಡುವ ಬೆಳಿಗ್ಗೆ ಅವನು ಕೊನೆಯ ಖುಬ್ಬೂಸ್ ರೊಟ್ಟಿಯ ತುಂಡನ್ನು ಬಾಟ್ಲಿಯೊಳಗೆ ತಿರುಗಿಸಿ ತಳ ಒರೆಸಿ ತಿಂದ. ಆಮೇಲೆ ತೊಳೆದುಕೊಟ್ಟ. "ಮುಂದಿನ ಸಲ ಮಾವಿನಕಾಯಿಯದ್ದು ಹಾಕ್ಲಿಕ್ಕೆ ಹೇಳಿ."

ವಿಮಾನ ನಿಲ್ದಾಣದಲ್ಲಿ ಬಾಟ್ಲಿಯನ್ನು ಮತ್ತೆ ಎತ್ತಿ ಹಿಡಿದು ಕೇಳಿದರು, ಇದರಲ್ಲಿ ಏನಿದೆ?

"ಏನೂ ಇಲ್ಲ" ಎಂದೆ. ಅಷ್ಟು ಹೆಮ್ಮೆಯಿಂದ ಆ ಮಾತು ಹೇಳಿದ ಪ್ರಯಾಣಿಕನನ್ನು ಅವರು ಕಂಡಿರಲಿಕ್ಕಿಲ್ಲ.